ಹನ್ನೊಂದು ಗಂಟೆಯ ತಪಾಸಣೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಆಸ್ಪತ್ರೆಯ ಹಿರಿಯ ವೈದ್ಯರೇ, ಬಟ್ಟೆ ಒಗೆಯುವ ವಿಭಾಗದ ನನ್ನ ಸಹೋದ್ಯೋಗಿಗಳೇ, ಕಾಫಿ ಯಾವಾಗ ಬರುತ್ತದೋ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನಿವೃತ್ತನಾಗುವವನನ್ನು ಹೊಗಳುವುದು ವಾಡಿಕೆ. "ಹೆಂಡತಿ ತೀರಿಕೊಂಡ ಮೇಲೂ ನಮ್ಮ ಮೇಲ್ವಿಚಾರಕರು ಮೂರು ವರ್ಷ, ಒಂದು ದಿನವೂ ತಪ್ಪದೆ, ಹನ್ನೊಂದು ಗಂಟೆಗೆ ಸೋಪಿನ ಉಗ್ರಾಣದ ತಪಾಸಣೆ ಮಾಡಿದರು" ಎಂದು ಅಧ್ಯಕ್ಷರು ಈಗಷ್ಟೇ ಹೇಳಿದರು. ಎಂಥ ಕರ್ತವ್ಯನಿಷ್ಠೆ! ಸ್ವಾಮಿ, ಸೋಪು ಓಡಿಹೋಗುವ ವಸ್ತುವೇ? ದಿನಾ ನೋಡಲು ಅಲ್ಲೇನಿದೆ?

ನಿಜ ಹೇಳಿಬಿಡುತ್ತೇನೆ. ಚಾದರ ಮಡಚುವ ಕೋಣೆಯಲ್ಲಿ ಹಾಡಬಾರದೆಂದು ನಿಯಮ ತಂದವನು ನಾನೇ. ಚಾದರದ ಎರಡು ತುದಿ ಹಿಡಿದ ಇಬ್ಬರು ಹೆಂಗಸರಿಗೆ ಕೈಗೆ ಕೈ ಕೂಡಲು ಹಾಡು ಬೇಕು, ನನಗದು ಗದ್ದಲ. ಮನೆಯಲ್ಲೂ ಅಷ್ಟೇ. ನನ್ನಾಕೆ ಗುನುಗಿದರೆ "ಒಲೆ ಕಡೆ ಗಮನ ಇರ್ಲಿ" ಎನ್ನುತ್ತಿದ್ದೆ. "ಒಲೆಗೇನೂ ಬೇಜಾರಿಲ್ಲ ಕಣ್ರೀ, ನಿಮಗೇ" ಎಂದು ನಗುತ್ತಿದ್ದಳು. ಆಮೇಲಾಮೇಲೆ ಗುನುಗುವುದನ್ನೇ ಬಿಟ್ಟಳು. ಯಾವ ವರ್ಷ ಬಿಟ್ಟಳೋ, ಅದೂ ನನಗೆ ಗೊತ್ತಿಲ್ಲ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಇರಲಿ.

ಆಕೆ ಹೋದ ಮೇಲೆ ಬೆಳಿಗ್ಗೆ ಏಳುವುದೇ ಬೇಡವಾಯಿತು. ಒಂದು ದಿನ ರಾಜೀನಾಮೆ ಪತ್ರ ಬರೆದು, ಯಾರೂ ಇಲ್ಲದ ಕಡೆ ಕೂತು ಸಹಿ ಹಾಕೋಣವೆಂದು ಹನ್ನೊಂದರ ಹೊತ್ತಿಗೆ ಉಗ್ರಾಣಕ್ಕೆ ಹೋದೆ. ಗೋಡೆಯಾಚೆ ಮಡಚುವ ಕೋಣೆಯಲ್ಲಿ ಹೆಂಗಸರು ಹಾಡುತ್ತಿದ್ದರು. ನಾನಿಲ್ಲದಾಗ ದಿನವೂ ಹಾಡುತ್ತಿದ್ದರಂತೆ! ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೋಪಿನ ಮೂಟೆಯ ಮೇಲೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಹಸಿವಾಯಿತು. ಎಷ್ಟೋ ದಿನಗಳ ನಂತರದ ಹಸಿವು. ಪತ್ರ ಜೇಬಿನಲ್ಲೇ ಉಳಿಯಿತು. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಹೋದೆ.

ಹೀಗೇ ಒಂದು ದಿನ ಮಡಚುವವರಲ್ಲಿ ಹಿರಿಯಕ್ಕ ಬಾಗಿಲು ತೆಗೆದುಬಿಟ್ಟರು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ.

"ಸೋಪಿನ ಪುಡಿ ಕಣ್ಣಿಗೆ ಬಿತ್ತಾ ಸಾರ್?"

"ಹೂಂ" ಎಂದೆ.

"ಬೀಳತ್ತೆ ಸಾರ್" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದರು. ಅಂದಿನಿಂದ ಉಗ್ರಾಣದ ಬಾಗಿಲು ಕಿರ್ ಎಂದ ಮೇಲೆಯೇ ಹಾಡು ಶುರುವಾಗುತ್ತಿತ್ತು. ಯಾರೊಬ್ಬರೂ ಎಲ್ಲೂ ಬಾಯಿ ಬಿಡಲಿಲ್ಲ.

ನಿಯಮ ತೆಗೆಯಬಹುದಿತ್ತಲ್ಲ ಎನ್ನುತ್ತೀರಾ? ತೆಗೆದರೆ ಮನೆಯಲ್ಲಿ ಮಾಡಿದ್ದೂ ತಪ್ಪೇ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಇವತ್ತು ಬೆಳಿಗ್ಗೆ ಆ ನಿಯಮದ ಹಾಳೆ ಹರಿದು ಹಾಕಿದೆ. ಒಪ್ಪಿಕೊಂಡೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನನ್ನ ಜೀವ ಉಳಿಸಿದ ಅಕ್ಕಂದಿರಲ್ಲಿ ಒಂದೇ ಕೋರಿಕೆ. ನಾಳೆಯಿಂದ ನಾನು ಇಲ್ಲಿ ಯಾರೂ ಅಲ್ಲ. ಆದರೂ ಹನ್ನೊಂದಕ್ಕೆ ಬರುತ್ತೇನೆ, ನೇರವಾಗಿ ನಿಮ್ಮ ಕೋಣೆಗೇ. ಚಾದರದ ಒಂದು ತುದಿ ನನ್ನ ಕೈಗೆ ಕೊಡಿ. ನನ್ನನ್ನು ನೋಡಿ ಹಾಡು ಮಾತ್ರ ನಿಲ್ಲಿಸಬೇಡಿ.

ನಮಸ್ಕಾರ.