ಚಂದಪ್ಪನ ಹೇಂತಿ ಪಟ್ಟಣ ನೋಡಿ ಬಂದದ್ದು

ಹೂಂಗುಟ್ಟಾಕ ಯಾರು ಕುಂತೀರಿ? ನೀನೇನು? ಹಂಗಾರ ಮುಂದ ಬಾ. ಹೂಂ ಅನ್ನವರಿಲ್ಲದ ಕಡೆ ನನ್ನ ಕತಿ ಹೆಜ್ಜಿ ಇಡಂಗಿಲ್ಲ. ನಿದ್ದಿ ಬಂದವರು ಈಗ ಎದ್ದು ಹೋಗ್ರಿ, ನಡುವ ಎದ್ದು ಹೋಗಬ್ಯಾಡ್ರಿ.

ಯಾವುದೋ ಒಂದು ಸೀಮಿ. ಆ ಸೀಮ್ಯಾಗ ಒಂದು ಊರು. ಊರಿಗೆ ಹೆಸರಿತ್ತು, ಹೆಸರು ಗೊತ್ತಿದ್ದವರು ಹೋಗಿಬಿಟ್ರು. ಆ ಊರಾಗ ಹಗ್ಗ ಹೊಸಿಯಾಂವ ಒಬ್ಬ ಇದ್ದ, ಚಂದಪ್ಪ ಅಂತ. ಅವನ ಹೇಂತಿ ಬಾಳವ್ವ. ಮಕ್ಕಳಾಗಲಿಲ್ಲ. ಅಂವ ಪುಂಡಿ ನಾರು ಹೊಸೀತಿದ್ದ, ಆಕಿ ಇನ್ನೊಂದು ತುದಿ ಹಿಡಕೊಂಡು ನಿಂದರತಿದ್ಲು. ಹಗ್ಗ ಉದ್ದ ಆದಂಗ ಆಕಿ ಹಿಂದ ಹಿಂದ ಸರೀಬೇಕು. ಹಿಂಗಾಗಿ ಗಂಡ ಓಣಿ ಈ ತುದಿಗೆ, ಹೇಂತಿ ಓಣಿ ಆ ತುದಿಗೆ. ಮಾತೆಲ್ಲಾ ಒದರೇ ಆಡಬೇಕು. ಅವರ ಸಂಸಾರ ಊರಿಗೆಲ್ಲಾ ಬಾಯಿಪಾಠ ಆಗಿತ್ತು.

ಇನ್ನ ಆ ಊರಿನ ಕಟ್ಟಳಿ ಕೇಳ್ರಿ. ಹೇಂತಿ ಆದಾಕಿ ಗಂಡನ ಹೆಸರು ಬಾಯಿಲೆ ಅನ್ನಬಾರದು. ಅಂದ್ರ ಏನಾಗತೈತಿ? ಅಂದಾಗೊಮ್ಮೆ ಗಂಡನ ಆಯುಷ್ಯದಾಗ ಒಂದು ದಿನ ಕಡಿಮಿ ಆಗತೈತಿ. ಬರೇ ಹೆಸರಲ್ಲ, ಹೆಸರಿನಂಥ ಮಾತು ಸುದ್ದಾ ಅನ್ನಂಗಿಲ್ಲ. ಕಲ್ಲಪ್ಪನ ಹೇಂತಿ ಕಲ್ಲಿಗೆ 'ಗಟ್ಟೀದು' ಅಂತಿದ್ಲು. ಹೂವಪ್ಪನ ಹೇಂತಿ ಹೂವಿಗೆ 'ಮುಡಿಯೂದು' ಅಂತಿದ್ಲು. ಅವರದು ಹೆಂಗರ ನಡೀತಿತ್ತು. ಬಾಳವ್ವನ ಪಾಡು ನೋಡ್ರಿ. ಗಂಡ ಚಂದಪ್ಪ. ಆಕಿ ಚಂದ ಅನ್ನಂಗಿಲ್ಲ. ಹುಟ್ಟಿದ್ದಕ್ಕ ಒಮ್ಮೆರ ಚಂದ ಅನ್ನದ ಹೆಣ್ಣುಮಗಳನ್ನ ನೀವು ಎಲ್ಲೆರ ಕಂಡೀರೇನು? ಯಾರು ಮಾಡಿದ್ರೋ ಈ ಕಟ್ಟಳಿ, ಅವರ ಬಾಯಾಗ ಮಣ್ಣು ಬೀಳ್ಲಿ.

ಮುಗಲಾಗಿನ ಚಂದ್ರಾಮಗ ಆಕಿ 'ಮ್ಯಾಲಿನಾಂವ' ಅಂತಿದ್ಲು. ಬಾಜೂ ಮನಿ ಚಂದವ್ವಗ 'ಏ ಹುಡುಗಿ' ಅಂತಿದ್ಲು, ಆ ಹುಡುಗಿಗೆ ಮನಿ ತುಂಬ ಮಕ್ಕಳಾದಮ್ಯಾಲೂ. ಯಾರರ ಹಸುಗೂಸು ತಂದು ತೊಡಿಮ್ಯಾಲ ಹಾಕಿದ್ರ ಎಲ್ಲಾರೂ ಚಂದ ಐತಿ, ಚಂದ ಐತಿ ಅನ್ನೋರು. ಈಕಿ ಮಾತ್ರ 'ಚೊಲೊ ಐತಿ' ಅನ್ನಾಕಿ. ಹಡದಾಕಿ ಮಾರಿ ಉಬ್ಬಿಸಿಕೊಂಡು ಕೂಸು ಎತಗೊಂಡು ಹೋಗಾಕಿ. ಚೊಲೊ ಅಂತ ಜ್ವಾಳಕ್ಕ ಅಂತಾರ, ಎತ್ತಿಗೆ ಅಂತಾರ. ಕೂಸಿಗೆ ಯಾರರ ಅಂತಾರೇನು?

ಚಂದಪ್ಪ ಹುಡುಗ ಇದ್ದಾಗ ಭಾವಿ ಹಗ್ಗ ಕೊಡಾಕಂತ ರಾಜನ ಪಟ್ಟಣಕ್ಕ ಹೋಗಿ ಬಂದಿದ್ದ. ಅದೇನ ಕಂಡು ಬಂದಿದ್ನೋ, ಜಲ್ಮ ಪೂರ್ತಿ ಅದೇ ಮಾತು. ಮದುವ್ಯಾದ ದಿನಾನ ಹೇಳಿದ್ದ, ನಿನಗ ಒಮ್ಮೆ ಪಟ್ಟಣ ತೋರಸ್ತೀನಿ ಅಂತ. ಮಳಿ ಬಂತು, ಆಗಲಿಲ್ಲ. ಸುಗ್ಗಿ ಬಂತು, ಆಗಲಿಲ್ಲ. ತಲಿ ಬೆಳ್ಳಗಾತು, ಆಗಲಿಲ್ಲ. ಕಡೀಕ ಏನು ಬಂತು? ಕೆಮ್ಮು ಬಂತು. ನಾರಿನ ಧೂಳು ಎದಿಯಾಗ ಹೋಗಿ ಕುಂತಿತ್ತು. ವೈದ್ಯ ನಾಡಿ ಹಿಡಿದು ನೋಡಿ, ಏನಿಲ್ಲ, ಕಾಳಜಿ ಮಾಡಬ್ಯಾಡ ಅಂತ ಚಂದಪ್ಪಗ ಅಂದ. ಹೊರಗ ಬಂದು ಬಾಳವ್ವಗ, ಇನ್ನ ಅವನ ಮನಸಿನಂಗ ನಡೀಲಿ ಬಿಡವ್ವ ಅಂದ. ಇಬ್ಬರಿಗೂ ತಿಳೀತು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ.

ಮರುದಿನ ಚಂದಪ್ಪ, ಪಟ್ಟಣಕ್ಕ ಹೋಗೂಣು ನಡಿ ಅಂದ. ಬಾಳವ್ವ ಗಾಬರಿ ಆದ್ಲು. ಕೈಯಾಗ ಏನೂ ಇಲ್ಲ, ಏನು ಹಿಡಕೊಂಡು ಹೋಗೂದು?

"ನೋಡಾಕ ರೊಕ್ಕ ಯಾಕ ಬೇಕ?" ಅಂದ ಚಂದಪ್ಪ. "ಮುಟ್ಟಿದ್ರ ರೊಕ್ಕ ಕೇಳತಾರ. ತಿಂದ್ರ ರೊಕ್ಕ ಕೇಳತಾರ. ಕಣ್ಣಿಲೆ ನೋಡಿದ್ರ ಯಾವ ಮಗ ಏನು ಕೇಳತಾನ? ನೀ ಬುತ್ತಿ ಕಟ್ಟು. ಅಲ್ಲೆ ಬಂದು ಒಂದೇ ಒಂದು ಸಲ ನಿನ್ನ ಬಾಯಿಲೆ ಚಂದ ಐತಿ ಅನ್ನು. ನನಗ ಅಷ್ಟು ಸಾಕು."

ಬಾಳವ್ವ ಒಲಿ ಹಚ್ಚಿದ್ಲು. ಖಟಿ ರೊಟ್ಟಿ ಬಡದ್ಲು, ಶೇಂಗಾ ಚಟ್ನಿ ಕುಟ್ಟಿದ್ಲು, ನಾಕು ಉಳ್ಳಾಗಡ್ಡಿ ಇಟ್ಟು ಗಂಟು ಕಟ್ಟಿದ್ಲು. ಮನಸಿನಾಗ ಮಾತ್ರ ಒಂದು ಗಂಟು ಬ್ಯಾರೇನ ಕಟ್ಟಿದ್ಲು. ಅವರ ದಿನ ಈಗ ಮೊದಲೇ ಕಡಿಮಿ ಅದಾವ, ನನ್ನ ಬಾಯಿಯಿಂದ ಅದರಾಗ ಒಂದೂ ಹೋಗಬಾರದು ಅಂತ.

ಹೋದ್ರು, ಹೋದ್ರು, ಹೋದ್ರು. ಅಲ್ಲೆ ಗಿಡದ ಕೆಳಗ ಕುಂದ್ರೋರು, ಇಲ್ಲೆ ಹಳ್ಳದಾಗ ನೀರು ಕುಡಿಯೋರು. ಅವನ ಕೆಮ್ಮು ನಿಂತ ಮ್ಯಾಲ ಮತ್ತ ಏಳೋರು. ಕಡೀಕ ಪಟ್ಟಣ ಬಂತು. ಊರ ಬಾಗಲಾಗ ಒಂದು ಧರ್ಮಶಾಲಿ ಇತ್ತು. ಕಟ್ಟಿಮ್ಯಾಲ ಮಲಗಾಕ ಜಾಗಾ ಪುಕ್ಕಟ, ಮುಂಜಾನಿ ಗಂಜಿ ಪುಕ್ಕಟ. ಚಂದಪ್ಪ ಆ ಕಟ್ಟಿ ಬಡದು ತೋರಿಸಿ, ನೋಡು, ರಾಜ ನಮಗ ಅಂತ ಹಾಸಿಗಿ ಹಾಸ್ಯಾನ ಅಂದ.

ಪುಕ್ಕಟ ಪಟ್ಟಣ ನೋಡೂದು ಹೆಂಗ ಅಂತ ಚಂದಪ್ಪನ ಕೇಳಬೇಕು. ಅತ್ತರಿನಾಂವ ಅಂಗಡಿ ಮುಂದ ಹಾದವರ ಮುಂಗೈಗೆಲ್ಲಾ ಒಂದು ಬೊಟ್ಟು ಹಚ್ಚತಿದ್ದ. ಇವರು ಹೋಗಬೇಕಾದ್ರ ಬಲಗೈ ಕೊಟ್ರು, ಬರಬೇಕಾದ್ರ ಎಡಗೈ ಕೊಟ್ರು. ಮಿಠಾಯಿ ಅಂಗಡಿ ಬಾಜೂಕ ಕುಂತು ಒಣರೊಟ್ಟಿ ತಿಂದ್ರು, ತುಪ್ಪದ ವಾಸನಿ ಅದಕ್ಕ ಹಚಗೊಂಡ್ರು. ಬಾಳವ್ವ ನಕ್ಕಳು. ಆಕಿ ಹಂಗ ಹಲ್ಲು ಕಾಣಂಗ ನಕ್ಕು ಭಾಳ ದಿನ ಆಗಿತ್ತು.

ಮೊದಲ ಏನ ತೋರಿಸಿದ? ಅರಮನಿ ಆನಿ ತೋರಿಸಿದ. ಮುಂಜಾನೆ ಬಾಗಲ ತೆರದು ಆನಿಗಳನ್ನ ಹೊಳಿಗೆ ಮೈ ತೊಳಿಯಾಕ ಬಿಡತಿದ್ರು. ಹಣಿಮ್ಯಾಲ ಬಣ್ಣದ ಬಳ್ಳಿ, ಕೊರಳಾಗ ಗಂಟಿ, ಅಂಥಾ ಮೈ ಇಟಗೊಂಡು ಸಪ್ಪಳಿಲ್ಲದ ಕಾಲು. ಒಂದು ಮರಿ ತಾಯಿ ಬಾಲ ಹಿಡಕೊಂಡು ಹೊಂಟಿತ್ತು. ಬಾಳವ್ವಗ ಕಣ್ಣು ಮುಚ್ಚಾಕ ಆಗಲಿಲ್ಲ.

"ಹೆಂಗೈತಿ?" ಅಂದ ಚಂದಪ್ಪ.

"ಚೊಲೊ ಐತಿ," ಅಂದ್ಲು ಬಾಳವ್ವ.

ಆಮ್ಯಾಲ ಏನ ತೋರಿಸಿದ? ಸೀರಿ ಪ್ಯಾಟಿ ತೋರಿಸಿದ. ಅಲ್ಲಿನ ಸಾವಕಾರ ಅಂಗಡಿ ಹತ್ತಿದವರ ಮುಂದ ಸೀರಿ ಬಿಚ್ಚಿ ಹಾಕಲೇಬೇಕು, ಅದು ಅವರ ರೀತಿ. ಇವರು ಕಾಲು ಝಾಡಿಸಿ ಹತ್ತಿ ಕುಂತ್ರು. ಅಂವ ಬಿಚ್ಚಿದ, ಬಿಚ್ಚಿದ, ಬಿಚ್ಚಿದ. ಕುಸುಬಿ ಹೂವಿನ ಬಣ್ಣದ್ದು, ನವಿಲಿನ ಕೊರಳಿನ ಬಣ್ಣದ್ದು, ಸೆರಗಿನ ತುಂಬ ಹಕ್ಕಿ ಕುಂತದ್ದು. ಇದರಾಗ ನಿನಗ ಯಾವುದು ಚಂದ ಕಾಣತೈತಿ ಹೇಳವ್ವ ಅಂತ ಕೇಳಿದ. ಬಾಳವ್ವ ಗಂಡನ ಮಾರಿ ನೋಡಿದ್ಲು. ಗಂಡ ಮೀಸಿ ಒಳಗ ನಗಾಕತ್ತಿದ್ದ. ಎಲ್ಲಾ ಚೊಲೊ ಅದಾವ್ರಿ ಅಂದ್ಲು. ಸಾವಕಾರಗ ಸಿಟ್ಟು ಬಂತು. ಚೊಲೊ ಅನ್ನಾಕ ಇದೇನು ಗೋಣಿಚೀಲೇನು, ಹಗ್ಗೇನು ಅಂದ. ಹಗ್ಗದ ಮಾತು ಬಂದ ಕೂಡಲೆ ಇಬ್ಬರಿಗೂ ನಗಿ ತಡೀಲಿಲ್ಲ. ಬಾಯಿಗೆ ಸೆರಗು ಹಿಡಕೊಂಡು ಆಕಿ, ರುಮಾಲು ಹಿಡಕೊಂಡು ಅಂವ, ಇಬ್ಬರೂ ಅಂಗಡಿ ಇಳದು ಓಡಿದ್ರು. ಓಡಿ ಅಂವ ಗ್ವಾಡಿಗೆ ಕೈ ಹಚ್ಚಿ ನಿಂತ. ಕೆಮ್ಮು ಭಾಳ ಹೊತ್ತು ಬಿಡಲಿಲ್ಲ. ಬಾಳವ್ವ ಅವನ ಬೆನ್ನು ನೀವಿಕೋತ ನಿಂತ್ಲು, ಮಾರಿಮ್ಯಾಲಿನ ನಗಿ ಎಲ್ಲೆ ಹೋತೋ.

ಕಡೀಕ ಏನ ತೋರಿಸಿದ? ಕೇಳ್ರಿ. ಪಟ್ಟಣದ ನಡುವ ಒಂದು ಕೆರಿ. ಹೊತ್ತು ಮುಳುಗಿದ ಕೂಡಲೆ ಕೆರಿ ಸುತ್ತಲಿನ ಮೆಟ್ಟಲಮ್ಯಾಲ ರಾಜನ ಆಳು ದೀಪ ಹಚ್ಚತಿದ್ರು. ದಿನಾ ಹಚ್ಚತಿದ್ರು. ಊರವರಿಗೆ ಅದು ದಿನದ ಮಾತು, ಯಾರೂ ತಿರುಗಿ ನೋಡತಿದ್ದಿಲ್ಲ. ನಿಂತು ನೋಡೋರು ಅಂದ್ರ ಬುತ್ತಿ ಗಂಟಿನ ಪರಊರವರು. ಚಂದಪ್ಪ ಹುಡುಗ ಇದ್ದಾಗ ಕಂಡದ್ದು ಇದನ್ನ. ಜಲ್ಮ ಪೂರ್ತಿ ಹೇಳಿದ್ದು ಇದನ್ನ.

ಒಂದು ದೀಪ ಹತ್ತಿತು. ಅದರ ಬಾಜೂಕ ಇನ್ನೊಂದು. ನೋಡನೋಡತ ಕೆರಿ ಪೂರ್ತಿ ಹತ್ತಿಕೊಂಡಿತು. ಮೆಟ್ಟಲಮ್ಯಾಲೂ ದೀಪ, ನೀರಾಗೂ ದೀಪ. ಬಾಳವ್ವ ಅಲ್ಲೇ ಮೆಟ್ಟಲಮ್ಯಾಲ ಕುಂತ್ಲು. ಕಣ್ಣೀರು ತಾನ ಇಳೀತು. ಎರಡೂ ಕೈ ಎದಿಮ್ಯಾಲ ಹೋದವು. ಬಾಯಿ ತೆರೀತು. 'ಚ' ಅಂತ ಬಂದೇ ಬಿಟ್ಟಿತು. ಆಕಿ ಗಪ್ಪನ ನಾಲಗಿ ಕಚ್ಚಿಕೊಂಡ್ಲು.

ಚಂದಪ್ಪ ದೀಪ ನೋಡತಿದ್ದಿಲ್ಲ, ಆಕಿ ಬಾಯಿನ ನೋಡತಿದ್ದ. ಬಾಜೂಕ ಬಂದು ಕುಂತ.

"ಮುಂದಿಂದೂ ಅಂದುಬಿಡು, ಬಾಳವ್ವ," ಅಂದ. "ಒಂದು ಮಾತಿಗೆ ಒಂದು ದಿನ ಹೋಗತೈತಿ, ಹೌದಿಲ್ಲೊ? ಹೋಗಲಿ ಬಿಡು. ಆ ದಿನ ನಾ ನಿನಗ ಕೊಟ್ಟೆ."

"ಆ ದಿನ ನಿಮ್ಮದಲ್ರಿ," ಅಂದ್ಲು ಬಾಳವ್ವ. "ಆ ದಿನ ನಂದು. ನಾ ಹೆಂಗ ಬಿಟ್ಟು ಕೊಡ್ಲಿ?"

ಯಾರದು ಸರಿ ಅಂತೀರಿ? ಅವನದೂ ಸರಿ, ಆಕಿದೂ ಸರಿ. ಇಬ್ಬರೂ ಒಂದೇ ಮೆಟ್ಟಲಮ್ಯಾಲ ಕುಂತಿದ್ರು. ಆದ್ರ ಅವತ್ತು ಆಕಿಗೆ, ಗಂಡ ಓಣಿ ಆ ತುದಿಗೆ ನಿಂತಾನೇನೋ ಅನಿಸಿತು.

ಮರುದಿನ ಬೆಳಕು ಹರಿಯೂದರಾಗ ಚಂದಪ್ಪನ ಮೈ ಕೆಂಡ ಆಗಿತ್ತು. ಊರಿಗೆ ಹೋಗೂಣ್ರಿ ಅಂದ್ಲು ಬಾಳವ್ವ. ಹೋಗೂಣು ಅಂದ ಅಂವ, ಏಳಾಕ ಆಗಲಿಲ್ಲ. ಕಟ್ಟಿಮ್ಯಾಲ ಮಲಕೊಂಡೇ ಕೇಳಿದ.

"ಪಟ್ಟಣ ಹೆಂಗಿತ್ತು?"

ಬಾಳವ್ವ ಅವನ ಹಣಿಮ್ಯಾಲ ಕೈ ಇಟ್ಲು. ನಿನ್ನೆನ ಅನ್ನಲಿಲ್ಲ, ಇವತ್ತ ಹೆಂಗ ಅನ್ನಬೇಕು? ಇವತ್ತು ಒಂದೊಂದು ದಿನಾನೂ ಬೇಕಲ್ಲ.

"ಚೊಲೊ ಇತ್ರಿ," ಅಂದ್ಲು.

"ಆತು ಬಿಡು," ಅಂದ ಚಂದಪ್ಪ. ಅಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ.

ಸಿಟ್ಟು ಬಂದೈತಿ, ಹೊಟ್ಟಿ ಹಸದೈತಿ, ಗಂಜಿ ಕುಡದ್ರ ಇಳೀತೈತಿ ಅಂದುಕೊಂಡ್ಲು ಆಕಿ. ಹೋಗಿ ಮಂದ್ಯಾಗ ನಿಂತು ಗಂಜಿ ಇಸಗೊಂಡು ಬಂದ್ಲು. ಏನ್ರೀ ಅಂದ್ಲು, ಅಂವ ತಿರುಗಲಿಲ್ಲ. ಇನ್ನೂ ಸಿಟ್ಟು ಐತಿ ಅಂತ ಬಾಜೂಕ ಕುಂತು ಗಂಜಿ ಊದಿ ಊದಿ ಆರಿಸಿದ್ಲು. ಏಳ್ರಿ, ಸಾಕು ಮಾಡ್ರಿ ಸಿಟ್ಟು, ಊರಿಗೆ ಹೋದಮ್ಯಾಲ ನೀವು ಹೇಳಿದ್ದು ಕೇಳತೀನಿ ಅಂದ್ಲು. ಗಂಜಿ ಆರಿತು. ಗಂಜಿಮ್ಯಾಲ ಕೆನಿ ಕಟ್ಟಿತು. ಆವಾಗ ಭುಜ ಮುಟ್ಟಿದ್ಲು. ನಾ ಏನು ಹೇಳಬೇಕು, ನಿಮಗ ತಿಳೀತಲ್ಲ?

ಧರ್ಮಶಾಲಿ ನೋಡಿಕೊಳ್ಳೂ ಮುದುಕ ಒಳ್ಳ್ಯಾಂವ ಇದ್ದ. ನಾಕು ಮಂದಿ ಕರದ, ಕಟ್ಟಿಗಿ ತರಿಸಿದ. ಆ ಪಟ್ಟಣದಾಗ ಬೆಂಕಿ ಇಡೂಕಿಂತ ಮೊದಲ ಸತ್ತವನ ಹೆಸರು ಮೂರು ಸಲ ಒದರಬೇಕಾಗಿತ್ತು. ಮುದುಕ ಕೇಳಿದ, ಇವನ ಹೆಸರೇನವ್ವ ಅಂತ. ಬಾಳವ್ವ ಕಟ್ಟಿಗಿ ಕಡೆ ನೋಡಿದ್ಲು. ಮತ್ತ ಕೇಳಿದ, ಹೆಸರಿಲ್ಲದ ಹೆಂಗ ಕಳಸೂದವ್ವ, ಹೇಳು ಅಂದ. ಆಕಿ ಬಾಯಿ ತೆರದು ಮುಚ್ಚಿದ್ಲು. ಮೂರನೇ ಸಲ ಕೈ ಮುಗದು ಕೇಳಿದ. ಆಕಿ ತಲಿ ಅಲ್ಲಾಡಿಸಿದ್ಲು.

ಇನ್ನ ಯಾವ ದಿನ ಕಡಿಮಿ ಆಗೂದಿತ್ತು, ಹೇಳ್ರಿ? ಯಾವುದೂ ಇದ್ದಿಲ್ಲ. ಅದು ಆಕಿಗೂ ಗೊತ್ತಿತ್ತು. ಆದ್ರ ಹೆಸರು ಅಂದ್ರ ಗಂಡ ಸತ್ತದ್ದು ಖರೇ ಅಂತ ತಾನ ಒಪ್ಪಿಕೊಂಡಂಗ. ಒಪ್ಪಿಕೊಳ್ಳಾಕ ಆಕಿಗೆ ಆಗಲಿಲ್ಲ. ಮುದುಕ ಕಾದು ಕಾದು, ಕಡೀಕ ತನಗ ತಿಳಿದಂಗ ಒದರಿದ.

"ಪರದೇಶಿ. ಪರದೇಶಿ. ಪರದೇಶಿ."

ಇಡೀ ಊರಿಗೆ ಹಗ್ಗ ಹೊಸದು ಕೊಟ್ಟಾಂವ, ಜಲ್ಮ ಪೂರ್ತಿ ಹೇಂತಿ ಎದುರಿಗೆ ನಿಂತು ಮಾತಾಡಿದಾಂವ, ಪರದೇಶಿ ಅನ್ನಿಸಿಕೊಂಡು ಸುಟ್ಟು ಬೂದಿ ಆದ. ಬಾಳವ್ವ ಕಣ್ಣಾರೆ ನೋಡಿದ್ಲು, ಕಿವಿಯಾರೆ ಕೇಳಿದ್ಲು. ಆ ಮೂರು ಮಾತು ಆಕಿ ಎದಿಗೆ ಹೆಂಗ ನಟ್ಟಿರಬೇಕು, ನಾ ಎಷ್ಟು ಹೇಳಿದ್ರೂ ಸಾಲಂಗಿಲ್ಲ.

ಬಂದ ಹಾದಿಲೆ ತಿರುಗಿ ಹೊಂಟ್ಲು. ಕೂಡಿ ಕುಂತ ಗಿಡ ಬಂತು, ಕುಂದ್ರಲಿಲ್ಲ. ನೀರು ಕುಡದ ಹಳ್ಳ ಬಂತು, ಕುಡೀಲಿಲ್ಲ. ಹಾದಿ ತುಂಬ ತುಟಿ ಅಲ್ಲಾಡಸತಿದ್ಲು, ದನಿ ಬರತಿದ್ದಿಲ್ಲ. ಎದುರಿಗೆ ಬಂದವರು ದೇವರ ನಾಮ ಅಂತಾಳ ಅಂದುಕೊಂಡು ಹಾದಿ ಬಿಟ್ರು. ಏನ ಅಂತಿದ್ಲು ಅಂತ ನಾ ಹೇಳಬೇಕೇನು?

ಊರ ಮುಂದಿನ ಭಾವಿಕಡೆ ಬಂದಾಗ ಹೆಂಗಸರು ನೀರು ಸೇದಾಕತ್ತಿದ್ರು. ದೂರಿಂದ ನೋಡಿ ಖುಷಿ ಆತು ಅವರಿಗೆ. ಬಾ ಬಾ, ರಾಜನ ಪಟ್ಟಣದಾಕಿ ಬಂದ್ಲು ಅಂದ್ರು. ನಿನ್ನ ಗಂಡ ಎಲ್ಲೆ, ಹಿಂದ ಉಳದಾನೇನು ಅಂದ್ರು. ನಮಗೇನ ತಂದಿ ಅಂದ್ರು. ಬಾಳವ್ವ ಭಾವಿ ಕಟ್ಟಿ ಹಿಡಕೊಂಡು ನಿಂತ್ಲು. ಸತ್ತ ಅನ್ನೂ ಮಾತು ಬಾಯಾಗ ಬರಲಿಲ್ಲ.

ಒಬ್ಬಾಕಿ ಕೊಡ ತುಂಬಕೋತ ಕೇಳಿದ್ಲು, "ಅಲ್ಲಬೇ, ಪಟ್ಟಣ ಹೆಂಗಿತ್ತು? ಅದನ್ನರ ಹೇಳು."

"ಚಂದ ಇತ್ತು," ಅಂದ್ಲು ಬಾಳವ್ವ.

ಹಗ್ಗ ಜಗ್ಗೂ ಕೈ ನಿಂತವು. ಎತ್ತಿದ ಕೊಡ ಕೆಳಗ ಇಳದವು. ಆ ಬಾಯಾಗ ಆ ಮಾತು ಅವರ್ಯಾರೂ ಕೇಳಿದ್ದಿಲ್ಲ. ಗಂಡ ಎಲ್ಲೆ ಅಂತ ಮತ್ತ ಯಾರೂ ಕೇಳಲಿಲ್ಲ. ಒಬ್ಬಾಕಿ ಮೆಲ್ಲಕ ಬಂದು ಬಾಳವ್ವನ ಕೈ ಹಿಡದ್ಲು.

"ಆನಿ ಚಂದ ಇದ್ದವು," ಅಂದ್ಲು ಬಾಳವ್ವ. "ಸೀರಿ ಚಂದ ಇದ್ದವು. ದೀಪ ಭಾಳ ಚಂದ ಇದ್ದವು, ಯವ್ವಾ. ಭಾಳ ಚಂದ ಇದ್ದವು."

ಆಕಿ ಅಂದ್ಲು, ನಾ ಹೇಳಿದೆ, ನೀವು ಕೇಳಿದ್ರಿ. ಕತಿ ತನ್ನ ಹಾದಿ ಹಿಡದು ಹೋತು, ನೀವು ನಿಮ್ಮ ಹಾದಿ ಹಿಡದು ಹೋಗ್ರಿ. ಹೂಂಗುಟ್ಟಿದ ಕೂಸಿನ ಹೊಟ್ಟಿ ತಣ್ಣಗಿರಲಿ.