ಟಗರಿನ ತತ್ತಿ, ಶಾಂತಾನ ಚಾಳೀಸು

ಹಂಗಲ್ಲಲೇ, ದಿನಾ ಎರಡು ತತ್ತಿ ತರ್ತಿದ್ದೆ ಅಂದ್ನಲ್ಲ, ಅವು ಮಕ್ಕಳಿಗಲ್ಲ, ಟಗರಿಗೆ. ನಗಬ್ಯಾಡ್ರಿ, ಪೂರ್ತಿ ಕೇಳ್ರಿ. ಆಗ ನಾವು ಇಳಕಲ್ಲದಾಗ ಬಾಡಿಗಿ ಮನಿಯಾಗ ಇದ್ವಿ. ಊರು ಶಿರೂರ ಖರೆ, ಆದ್ರ ಇದ್ದ ಹೊಲ ನಮ್ಮಣ್ಣಗೇ ಸಾಲ್ತಿದ್ದಿಲ್ಲ, ಅದಕ್ಕ ನಾ ಕಲ್ಲಿಗೆ ಪಾಲಿಶ್ ಹೊಡಿಯೋ ಕೆಲಸಕ್ಕ ಸೇರಿದ್ದೆ. ಎಪ್ಪತ್ತೊಂಬತ್ತನೇ ಇಸವಿ ಇರ್ಬೇಕು. ಇಲ್ಲ ಇಲ್ಲ, ನಿಮ್ಮ ಸಣ್ಣ ಮಾವ ಅಂಬೆಗಾಲ ಇಡ್ತಿದ್ದ, ಅಂದ್ರ ಎಂಬತ್ತೊಂದು. ನಿಮ್ಮವ್ವ ಶಾಂತಾ ದೊಡ್ಡಾಕಿ, ನಾಕನೇ ಇಯತ್ತೆ. ಆಕಿ ಕೆಳಗ ಇಬ್ರು ಗಂಡು. ಶನಿವಾರ ಪಗಾರ ಆಗ್ತಿತ್ತು, ತಂದು ನಮ್ಮಾಕಿ, ನಿಮ್ಮ ಆಯಿ ಕೈಯಾಗ ಕೊಡ್ತಿದ್ದೆ. ಬುಧವಾರ ಬಂತಂದ್ರ ಆಕಿ ಸೆರಗ ಕೊಡವಿ ತೋರಸ್ತಿದ್ಲು.

"ರೊಕ್ಕ ಮುಗದ್ವು ನೋಡ್ರಿ."

"ಎಲ್ಲಿ ಹೋದ್ವು?"

"ಎಲ್ಲಿ ಹೋಗ್ತಾವ್ರಿ, ಮೂರು ಮಕ್ಕಳದಾವು. ಜ್ವಾಳಾ, ಎಣ್ಣಿ, ಔಷಧ. ಅಂಗಿ ಹೊಲಿಸಿ ಆರು ತಿಂಗಳಾಗೂದ್ರಾಗ ಗಿಡ್ಡ ಆಗ್ತಾವು. ಮತ್ತ ಬಳಪ ತೀರ್ಯಾವು."

"ಬಳಪ ಹೋದ ವಾರ ತಂದೀವಲ್ಲ, ತಿಂತಾವೇನು?"

"ಹೂಂ, ಸಣ್ಣವ ತಿಂತಾನ್ರಿ."

ಖರೆ ತಿಂತಿದ್ದ, ನಿಮ್ಮ ಮಾವನ್ನ ಕೇಳ್ರಿ ಬೇಕಾದ್ರ. ಹಿಂಗ ಪ್ರತಿ ವಾರ ನಾ ಮಕ್ಕಳ ಖರ್ಚಿಗೆ ಜಗಳಾ ತಗೀತಿದ್ದೆ. ಆದ್ರ ಟಗರಿನ ಖರ್ಚಿನ ಲೆಕ್ಕ ಮಾತ್ರ ನಾ ಒಮ್ಮೆರ ಕೇಳಿದಾವ ಅಲ್ಲ. ಸರದಾರ ಅಂತ ಹೆಸರು ಇಟ್ಟಿದ್ದೆ. ಶಿರೂರಾಗ ಅಣ್ಣನ ಹಿಂಡಿನಾಗ ಹುಟ್ಟಿದ್ದು, ಮರಿ ಇದ್ದಾಗ ತಂದು ಕಾಳಗಕ್ಕ ಅಂತ ಬೆಳೆಸಿದ್ದೆ. ದಿನಾ ಎರಡು ತತ್ತಿ, ಹಾಲು, ನೆನಿಹಾಕಿದ ಕಡ್ಲಿ, ಶೇಂಗಾ ಹಿಂಡಿ. ಮೈಗೆ ಎಣ್ಣಿ ತಿಕ್ಕೋದು ಬ್ಯಾರೆ. ಆಯಿ ತಾನೇ ತತ್ತಿ ಒಡದು ಹಾಲಿನಾಗ ಕಲಿಸಿ ಕೊಡ್ತಿದ್ಲು, ಮಕ್ಕಳು ಮೂರೂ ಸಾಲಾಗಿ ಕುಂತು ನೋಡ್ತಿದ್ವು. ಈಗ ನೆನಸಿಕೊಂಡ್ರ ನಾಚಿಕಿ ಬರ್ತೈತಿ, ಆಗ ಬರಲಿಲ್ಲ.

ಅದಿರ್ಲಿ. ಒಂದಿನ ಶಿರೂರಾಗ ಅಣ್ಣನ ಮೊಮ್ಮಗನ ತೊಟ್ಟಿಲ ಕಾರ್ಯ ಇತ್ತು, ನಾನೂ ಶಾಂತಾನೂ ಹೊಂಟ್ವಿ. ನನಗ ಓದಾಕ ಬರಂಗಿಲ್ಲ, ಗೊತ್ತೈತಲ್ಲ. ಇಳಕಲ್ಲ ಬಸ್ ಸ್ಟ್ಯಾಂಡಿನಾಗ ನಾಕೂ ದಿಕ್ಕಿಗೆ ಬಸ್ಸು, ಶಿರೂರಿಗೆ ಬಾಗಲಕೋಟಿ ಬಸ್ ಹತ್ತಬೇಕು. "ಶಾಂತಾ, ಬಾಗಲಕೋಟಿ ಬಸ್ ಯಾವ್ದು ಬೋರ್ಡ್ ಓದಬೇ" ಅಂದೆ. ಆಕಿ ಮಾರಿ ಕಿವುಚಿ ನೋಡಿ "ಇದಾ, ಅಪ್ಪಾ" ಅಂದ್ಲು. ಹತ್ತಿದ್ವಿ, ಸೀಟೂ ಸಿಕ್ತು, ನಾ ಒಂದ್ ಜೊಂಪು ನಿದ್ದಿನೂ ಮಾಡ್ದೆ. ಕಂಡಕ್ಟರ್ ಎಬ್ಬಿಸಿದ, ಶಿರೂರಿಗೆ ಒಂದೂವರಿ ಟಿಕೆಟ್ ಕೊಡಪಾ ಅಂದೆ. ಅವ ನನ್ನೇ ನೋಡಿದ. "ಯಜಮಾನ್ರ, ಇದು ಕುಷ್ಟಗಿಗೆ ಹೊಂಟೈತ್ರಿ. ಶಿರೂರು ನಿಮ್ಮ ಬೆನ್ನ ಹಿಂದ ಹೋತು."

ಬಸ್ಸಿನಾಗಿನ ಮಂದಿ ಎಲ್ಲಾ ನಕ್ರು. ನನಗ ಸಿಟ್ಟು ಬಂತು. "ನಾಕ ವರ್ಷ ಸಾಲಿಗೆ ರೊಕ್ಕ ಸುರುವೀನಿ, ಒಂದು ಊರ ಹೆಸರು ಓದಾಕ ಬರಂಗಿಲ್ಲೇನ ನಿನಗ" ಅಂತ ಕೈ ಎತ್ತಿದೆ. ಹುಡುಗಿ ಅಳಲಿಲ್ಲ. ಸಣ್ಣ ದನಿಲೆ ಅಂತು, "ಅಪ್ಪಾ, ಬೋರ್ಡ್ ಮ್ಯಾಲ ಹೊಗಿ ಕಟ್ಟಿದಂಗ ಕಾಣ್ತೈತಿ. ಸಾಲ್ಯಾಗೂ ಹಂಗ. ಮಂದಿ ಓಡಿ ಹತ್ತಿದ್ರು, ಅದಕ್ಕ ಇದ ಇರ್ಬೇಕಂತ ಹೇಳಿದೆ." ಕಂಡಕ್ಟರ್ ಪುಣ್ಯಾತ್ಮ ಒಂದು ಟಿಕೆಟ್ ಹರದು ಆಕಿ ಮೂಗಿನ ಹತ್ರ ಹಿಡದ. ಅದ್ರಾಗಿನ ಇರುವಿಯಂಥ ಅಕ್ಷರ ಎಲ್ಲಾ ಪಟಪಟ ಓದಿಬಿಟ್ಲು. "ಹುಡುಗಿ ಶಾಣ್ಯಾಕಿ ಅದಾಳ್ರಿ, ಕಣ್ಣು ದೂರದ್ದು ಕಾಣವಲ್ವು. ದವಾಖಾನಿಗೆ ತೋರಸ್ರಿ" ಅಂದು ಮುಂದಿನ ಊರಾಗ ನಮ್ಮನ್ನ ಇಳಿಸಿ ಹೋದ.

ಆಮ್ಯಾಲ ಒಂದಿನ ಬಾಗಲಕೋಟಿಗೆ ಕರ್ಕೊಂಡು ಹೋಗಿ ತೋರಿಸಿದ್ವಿ. ಡಾಕ್ಟರ್ ಚಾಳೀಸು ಹಾಕ್ಬೇಕಂದ್ರು. ಅಂಗಡ್ಯಾಗ ಕೇಳಿದ್ರ ಗಾಜು, ಚೌಕಟ್ಟು ಸೇರಿ ನನ್ನ ಎರಡು ವಾರದ ಪಗಾರ. ಮನಿಗೆ ಬಂದು ಆಯಿ ಮುಂದ ಅಂದೆ, "ಈಗ ರೊಕ್ಕಿಲ್ಲ. ಮುಂದಿನ ವಾರ ಹುನಗುಂದದಾಗ ಕಾಳಗ ಐತಿ, ಸರದಾರ ಗೆದ್ರ ಬಹುಮಾನದಾಗ ತರೂಣು." ಆಕಿ ಟಗರಿಗೆ ಹಾಲು ಕುಡಿಸಾಕತ್ತಿದ್ಲು. ತಲಿ ಎತ್ತಲಿಲ್ಲ. "ಹೋಗ್ರಿ. ಗೆದ್ರ ಗೆದ್ದ ರೊಕ್ಕದಾಗ ತರ್ರಿ. ಸೋತ್ರ ಟಗರು ಅಲ್ಲೇ ಮಾರಿ ಬರ್ರಿ. ಎರಡೂ ಮಾಡ್ಲಿಲ್ಲಂದ್ರ ನಾ ಬಾಗಲಾ ತಗಿಯಂಗಿಲ್ಲ" ಅಂದ್ಲು. ಆಕಿ ಜೋರು ದನಿ ಮಾಡಿದ್ರ ನನಗೇನೂ ಅನಸ್ತಿದ್ದಿಲ್ಲ, ಮೆತ್ತಗ ಅಂದ್ಲಲ್ಲ, ಅದು ಅಂಜಿಕಿ.

ಹುನಗುಂದದಾಗ ಮಂದಿ ಅಂದ್ರ ಮಂದಿ. ಎದುರಿಗೆ ಬಂದ ಟಗರು ನೋಡಿ ನನಗ ನಗು ಬಂತು. ಬಡಕಲು, ಒಂದು ಕಿವಿ ಹರದಿತ್ತು. ಬಿಟ್ರು. ಒಂದ ಗುದ್ದು, ಟಪ್ ಅಂತು. ಎರಡನೇದಕ್ಕ ಆ ಬಡಕಲು ಹಿಂದ ಸರದು ಓಡಿ ಬರಾಕತ್ತಿತು, ನಮ್ಮ ಸರದಾರ ಅದನ್ನ ನೋಡ್ದ, ನನ್ನ ನೋಡ್ದ, ತಿರುಗಿ ಮಂದಿ ನಡುವ ಹಾದು ಓಡಿ ಹೋಗಿ ಒಬ್ಬಾಕಿ ಮಾರಾಕ ಇಟ್ಟಿದ್ದ ಶೇಂಗಾದ ಬುಟ್ಟಿಗೆ ಬಾಯಿ ಹಾಕಿದ. ಮಂದಿ ಹೊಟ್ಟಿ ಹಿಡ್ಕೊಂಡು ನಕ್ರು. ನಾ ಹಾಕಿದ್ದೆಲ್ಲಾ ಹೊಟ್ಟಿಗೆ ಹತ್ತಿತ್ತು, ಧೈರ್ಯಕ್ಕ ಹತ್ತಿದ್ದಿಲ್ಲ. ಆಕಿ ಶೇಂಗಾಕ್ಕೂ ನಾನ ರೊಕ್ಕಾ ಕೊಟ್ಟೆ.

ಒಬ್ಬ ಮುದುಕಪ್ಪ, ಕುರಿ ಕಾಯೋ ಮನಷ್ಯಾ, ಹತ್ರ ಬಂದ. "ಕಾಳಗಕ್ಕ ಬ್ಯಾಡ ತಮ್ಮಾ, ನನ್ನ ಹಿಂಡಿಗೆ ಬೇಕು. ಮೈ ಚೊಲೊ ಬೆಳದೈತಿ. ಏನು ಕೊಡ್ಲಿ?" "ಮಗಳ ಚಾಳೀಸಿನಷ್ಟು ಕೊಡಪಾ" ಅಂದೆ. ಅವಗ ತಿಳೀಲಿಲ್ಲ, ತಿಳಿಸಿ ಹೇಳ್ದೆ. ಒಂದು ಮಾತೂ ಚೌಕಾಸಿ ಮಾಡದಂಗ ಕೊಟ್ಟ. ಸರದಾರ ಅವನ ಹಿಂದ ಹೊಂಟಾಗ ಒಮ್ಮೆರ ತಿರುಗಿ ನೋಡಲಿಲ್ಲ. ನಾನ ಅತ್ತೆ, ಸುಳ್ಳ್ಯಾಕ ಹೇಳ್ಲಿ.

ಚಾಳೀಸು ಬಂತು. ಅಂಗಡ್ಯಾಂವ ಹಾಕಿ ಕುಂಡ್ರಿಸಿದ. ಶಾಂತಾ ಅತ್ತ ನೋಡಿದ್ಲು, ಇತ್ತ ನೋಡಿದ್ಲು, ಎದುರಿಗೆ ಕುಂತ ನನ್ನ ಮಾರಿ ಮ್ಯಾಲ ಆಕಿ ಕಣ್ಣು ನಿಂತುಬಿಟ್ವು. "ಅಪ್ಪಾ, ನಿನ್ನ ಮಾರಿ ಮ್ಯಾಲ ಸಿಡುಬಿನ ಕಲಿ ಅದಾವಲ್ಲ. ಯಾವಾಗ ಆಗಿತ್ತು?" ನಾ ಎಂಟು ವರ್ಷದಾವ ಇದ್ದಾಗ ಆಗಿದ್ದು. ಮಗಳಿಗೆ ಹತ್ತು ವರ್ಷ, ಅವತ್ತ ಮೊದ್ಲ ಸಲ ನೋಡಿದ್ಲು. ಹತ್ರ ಬಂದ್ರ ಕಾಣ್ತಿತ್ತು ಆಕಿಗೆ, ಆದ್ರ ನಾ ಹತ್ರ ಕರದದ್ದು ಯಾವಾಗ? ಕೆಲಸದಿಂದ ಬಂದು ಮೈ ತಿಕ್ಕತಿದ್ದದ್ದು ಟಗರಿಂದು. ಬಸ್ಸಿನಾಗ ಬರೂ ಮುಂದ ತೊಡಿ ಮ್ಯಾಲ ಕುಂಡ್ರಿಸಿಕೊಂಡೆ, ದೊಡ್ಡಾಕಿ ಆಗಿದ್ಲು, ಕಾಲು ಜೋಮು ಹಿಡದ್ವು. ಇಳಕಲ್ಲ ಮುಟ್ಟುತನಕ ಕಂಡ ಕಂಡ ಬೋರ್ಡ್ ಓದಿ ಕಿವಿ ತಿಂದ್ಲು. ಆ ವರ್ಷ ಪಾಸೂ ಆದ್ಲು.

ಅದಕ್ಕ ಹೇಳ್ತೇನಿ, ಮನ್ಯಾಗ ರೊಕ್ಕ ಸಾಲ್ಲಿಲ್ಲಂದ್ರ ಮಕ್ಕಳ ಮ್ಯಾಲ ಹಾಕಬ್ಯಾಡ್ರಿ. ಮೊದ್ಲ ಅವನ್ನ ಹತ್ರ ಕುಂಡ್ರಿಸಿಕೊಂಡು ಮಾರಿ ನೋಡ್ರಿ, ಅದಕ್ಕೇನು ರೊಕ್ಕ ಹತ್ತಂಗಿಲ್ಲ.