ಮಹಡಿ ಇಳಿದ ಲೇತು

ಮೂಳೆ ಡಾಕ್ಟರ ಕೋಣೆಯ ಹೊರಗೆ, ಉಳುಕಿದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು ದರ್ಜಿ ಹೆಂಗಸೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಊರುಗೋಲು ಹಿಡಿದ, ನಿವೃತ್ತ ಬಸ್ ಡ್ರೈವರೊಬ್ಬರು. ಅತ್ತ ಹೋಗುತ್ತಿದ್ದ ನರ್ಸು ಅವರನ್ನು ಕಂಡದ್ದೇ ತಡ, ನಿಂತುಬಿಟ್ಟಳು.

"ಅಂಕಲ್, ನಮ್ಮ ಮರ ಕಡೆಯೋ ಕ್ಲಾಸು ಸೋಮವಾರದಿಂದ ಮತ್ತೆ ಶುರು. ಬರ್ತೀರಲ್ಲ?"

"ಎಲ್ಲಿಂದ ಬರ್ಲಮ್ಮ? ಹಳೇ ಶೆಡ್ಡು ಕೆಡವಿದ್ಮೇಲೆ ಎರಡನೇ ಮಹಡಿಗೆ ಹೋಯ್ತಂತೆ. ಈ ಕಾಲಿಗೆ ಇನ್ನು ಮೆಟ್ಟಿಲ ಸಹವಾಸ ಬೇಡ ಅಂದಿದಾರೆ ಡಾಕ್ಟ್ರು."

"ಹೋಗಿತ್ತು. ಆರು ಜನ ಸೇರಿ ಉಸ್ಸಪ್ಪಾ ಅಂತ ಮರ ಕಡೆಯೋ ಲೇತು ಮಷೀನು ಹತ್ತಿಸಿದ್ವಿ. ಆಮೇಲೆ ಕ್ಲಾಸಿನ ಮೇಡಂ ನಿಮ್ಮ ಮನೆಗೆ ಫೋನ್ ಮಾಡಿದ್ರು. ಆಂಟಿ ನಿಮ್ಮ ಕಾಲಿನ ವಿಷಯ ಹೇಳಿದ್ರು."

"ಏನಂದ್ರು ಮೇಡಂ?"

"ಏನೂ ಅನ್ಲಿಲ್ಲ. ಮಾರನೇ ದಿನ ಲೇತು ಇಳಿಸಿದ್ರು."

"ಅಯ್ಯೋ! ಅಷ್ಟು ಭಾರದ್ದನ್ನ?"

"ಅದೇ ಆರು ಜನ. ನನ್ನ ಸೊಂಟ ಇನ್ನೂ ಸರಿಹೋಗಿಲ್ಲ. ಈಗ ಹಿಂದಿನ ಬೀದೀಲಿ ಸೈಕಲ್ ಅಂಗಡಿ ಇತ್ತಲ್ಲ, ಅಲ್ಲಿ. ಸ್ವಲ್ಪ ಇಕ್ಕಟ್ಟು. ಆದ್ರೆ ಒಂದೇ ಒಂದು ಮೆಟ್ಟಿಲೂ ಇಲ್ಲ."

"ನನ್ನೊಬ್ಬನಿಗೋಸ್ಕರಾನಾ? ಇಲ್ಲಿವರೆಗೆ ನೆಟ್ಟಗೆ ಒಂದು ಬಟ್ಟಲು ಕಡೆದಿಲ್ಲ ಕಣಮ್ಮ ನಾನು."

"ನಾನೂ ಮೇಡಂಗೆ ಅದನ್ನೇ ಹೇಳ್ದೆ. 'ಹಾಗಾದ್ರೆ ಅವರಿಗೆ ಕಲಿಸೋದು ಇನ್ನೂ ಬಾಕಿ ಇದೆ' ಅಂದ್ರು. ನೀವು ಕೂತ್ಕೊಂಡು ಕಡೀಲಿಕ್ಕಾಗ್ಲಿ ಅಂತ ಲೇತಿನ ಕಾಲನ್ನೂ ಕತ್ತರಿಸಿ ಗಿಡ್ಡ ಮಾಡ್ಸಿದಾರೆ."

ದರ್ಜಿ ಹೆಂಗಸು ತನ್ನ ನೋವು ಮರೆತು ಡ್ರೈವರ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಒಳಗಿಂದ ಅವರಿಗೆ ಕರೆ ಬಂತು. ನರ್ಸು ತೋಳು ಕೊಟ್ಟು ಎಬ್ಬಿಸಿದಳು.

"ಎಷ್ಟು ಗಂಟೆಗಮ್ಮ, ಸೋಮವಾರ?"

"ಹತ್ತಕ್ಕೆ."

"ಒಂಬತ್ತೂವರೆಗೇ ಬರ್ತೀನಿ, ಹೇಳ್ಬಿಡು," ಎನ್ನುತ್ತಾ ಅವರು ಬಾಗಿಲು ದಾಟಿದರು.